ಪೇನ್ಸ್‌ವಿಕ್‌ನ ಕೆತ್ತನೆ ಗೋರಿಗಳನ್ನು ಚರ್ಚಿನ ಒಳಗೆ ಇಡಬೇಕೇ?

ಪರ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಪೇನ್ಸ್‌ವಿಕ್ ಎಂಬ ಸಣ್ಣ ಊರಿದೆ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಅಂಗಳದ ತುಂಬ 17, 18ನೇ ಶತಮಾನದ ಕಲ್ಲಿನ ಗೋರಿಗಳು. ಉಣ್ಣೆ ಬಟ್ಟೆಯಲ್ಲಿ ದುಡ್ಡು ಮಾಡಿದವರು ಊರಿನ ಕಲ್ಲುಕುಟಿಗರಿಂದ ಮಾಡಿಸಿಕೊಂಡವು. ಮೈಮೇಲೆ ರೆಕ್ಕೆಯ ಮಗುಮುಖಗಳು, ಸುರುಳಿಗಳು, ಹೂಮಾಲೆಗಳು.

ಕಲ್ಲು ಅಲ್ಲಿನದೇ, ಕಾಟ್ಸ್‌ವೋಲ್ಡ್ ಬೆಟ್ಟಗಳ ಸುಣ್ಣಕಲ್ಲು. ಉಳಿಗೆ ಸುಲಭವಾಗಿ ಬಗ್ಗುತ್ತದೆ, ಮಳೆಗೂ ಅಷ್ಟೇ. ಮಳೆನೀರಿನಲ್ಲಿರುವ ಸ್ವಲ್ಪ ಹುಳಿ ಸುಣ್ಣವನ್ನು ಕರಗಿಸುತ್ತದೆ. ಕಲ್ಲಿದ್ದಲ ಹೊಗೆಯ ಕಾಲದಲ್ಲಿ ಈ ಕಾಟ ಇನ್ನೂ ಜಾಸ್ತಿ ಇತ್ತು. ಒಳಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲಿನ ಪದರ ಕೀಳುತ್ತದೆ. ಹಲಗೆಗಳನ್ನು ಹಿಡಿದಿಡುವ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿದರಂತೂ ಕಲ್ಲೇ ಸೀಳುತ್ತದೆ.

ಹಾಗಾಗಿ ಒಳ್ಳೆಯ ಕೆತ್ತನೆ ಇರುವವನ್ನು ಒಳಗಿಟ್ಟು, ಹೊರಗೆ ಪ್ರತಿ ನಿಲ್ಲಿಸಬಾರದೇಕೆ? ಮೈಕೆಲೇಂಜೆಲೊನ ಡೇವಿಡ್ ಶಿಲ್ಪವನ್ನು 1873ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಚೌಕದಿಂದ ಒಳಗೆ ಸಾಗಿಸಿದರು. ಈಗ ಚೌಕದಲ್ಲಿರುವುದು ನಕಲು. ಫ್ಲಾರೆನ್ಸ್‌ನ ಮಾನವೇನೂ ಹೋಗಲಿಲ್ಲ.

ವಿರೋಧ

ಡೇವಿಡ್ ಒಬ್ಬನೇ ನಿಂತಿದ್ದ. ಇಲ್ಲಿರುವುದು ಒಂದು ಗುಂಪು, ನಡುವೆ ಕತ್ತರಿಸಿ ದುಂಡಗೆ ಮಾಡಿದ ಯೂ ಎಂಬ ನಿತ್ಯಹಸಿರು ಮರಗಳು. ಊರಿನ ಮಾತಿನ ಪ್ರಕಾರ ಮರಗಳು 99 ಮಾತ್ರ, ನೂರನೆಯದು ನೆಟ್ಟರೆ ಸೈತಾನ ಬಿಡಲ್ಲ! 1787ರಲ್ಲಿ ತೀರಿಕೊಂಡ ಕಲ್ಲುಕುಟಿಗ ಜಾನ್ ಬ್ರಯನ್‌ನ ಪಿರಮಿಡ್ಡಿನಂಥ ಗೋರಿಯೂ ಇಲ್ಲೇ ಇದೆ. ಒಂದೆರಡನ್ನು ಎತ್ತಿದರೆ ಉಳಿದವಕ್ಕೆ ಅರ್ಥ ಕಡಿಮೆಯಾಗುತ್ತದೆ.

ಇನ್ನು ಎತ್ತುವುದು ಹೇಗೆ? ಇವು ಟೊಳ್ಳು ಪೆಟ್ಟಿಗೆಗಳು, ಹಲಗೆಗಳನ್ನು ಜೋಡಿಸಿದ್ದು. ಹಳೆಯ ಕೊಂಡಿ ಬಿಚ್ಚುವಾಗಲೇ ಮೂಲೆ ಮುರಿದರೆ ಉಳಿಸಿದ್ದೇನು? ಸುಮ್ನೆ ಎತ್ತಿಡಲು ಚರ್ಚಿನ ಕಾನೂನೂ ಬಿಡಲ್ಲ, ಅನುಮತಿ ಬೇಕು.

ಕಲ್ಲಿನ ಮೇಲೆ ಪಾಚಿಯಂತೆ ಅಂಟಿ ಬೆಳೆಯುವ ಕಲ್ಲುಹೂವನ್ನು (ಲೈಕನ್) ಮರೆಯಬೇಡಿ. ಬಂಡೆ ಕಡಿಮೆ ಇರುವ ಬಯಲು ಇಂಗ್ಲೆಂಡಿನಲ್ಲಿ ಚರ್ಚ್ ಅಂಗಳಗಳೇ ಅದಕ್ಕೆ ದೊಡ್ಡ ಆಸರೆ. ಉಜ್ಜಿ ತೆಗೆದರೆ ಕೆತ್ತನೆಯೂ ಸವೆಯುತ್ತದೆ.

ಮಾಡಬೇಕಾದ ಕೆಲಸ ಬೇರೆ ಇದೆ, ಸ್ವಲ್ಪ ಬೋರು ಹೊಡೆಸುವಂಥದ್ದು. ತುಕ್ಕು ಕೊಂಡಿಗೆ ಬದಲು ಸ್ಟೇನ್‌ಲೆಸ್ ಸ್ಟೀಲ್. ಸಿಮೆಂಟಿಗೆ ಬದಲು ಸುಣ್ಣದ ಗಾರೆ, ಸಿಮೆಂಟ್ ತೇವವನ್ನು ಕಲ್ಲಿನೊಳಗೇ ಹಿಡಿದಿಡುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ದಾರಿ. ಜೊತೆಗೆ ಪ್ರತಿ ಮುಖದ ಮೂರು ಆಯಾಮದ ದಾಖಲೆ. ಆಗಲೂ ಸವೆತ ನಿಲ್ಲದು, ನಿಧಾನವಾಗುತ್ತದೆ ಅಷ್ಟೇ. ನನಗಂತೂ ಅಷ್ಟು ಸಾಕು. ತಾನಾಗಿ ಕಳಚಿ ಬಿದ್ದ ಮಗುಮುಖವಿದ್ದರೆ, ಅನುಮತಿ ಪಡೆದು ಒಳಗಿಡಿ. ಅದಕ್ಕೆ ನನ್ನ ತಕರಾರಿಲ್ಲ.