ಕಲಬುರಗಿಯಿಂದ ಗ್ಲೈಡರ್ ಸ್ಪರ್ಧೆಗೆ ಹೋಗೋದು ಅಂದ್ರೆ

ಸೋಮವಾರ ಬೆಳಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು ಮನೆಗೆ ಬಂದು ಚೀಲ ಬಿಚ್ಚಿದರೆ ಗ್ಲೈಡರಿನ ಬಾಲ ಸೀಳಿತ್ತು. ಬೆಂಗಳೂರಲ್ಲಿ ಎರಡು ದಿನ ಸ್ಪರ್ಧೆ ಆಡಿದಾಗ ಏನೂ ಆಗದ ಬಾಲ, ರಾತ್ರಿ ಸೀಟಿನ ಕೆಳಗೆ ಯಾರೋ ಕಬ್ಬಿಣದ ಟ್ರಂಕು ತಳ್ಳಿದ್ದಕ್ಕೆ ಹೋಯ್ತು. ಹೆಂಡತಿ ಚಹಾ ತಂದಿಟ್ಟು, "ಈ ಸಲ ಎಷ್ಟಾತ್ರಿ?" ಅಂದಳು.

"ಎಂಟ್ರಿ ಫೀ ಎರಡು ಸಾವಿರ."

"ಫೀ ಅಲ್ರಿ. ಎಲ್ಲಾ ಕೂಡಿ ಎಷ್ಟಾತು?"

ಆಗ ಉತ್ತರ ಕೊಡಲಿಲ್ಲ. ರಾತ್ರಿ ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ. ಇದು ನನ್ನೊಬ್ಬನ ಜೇಬಿನ ಮಾತಾಗಿದ್ದರೆ ಬರೀತಿರಲಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಆಟದ ವಿಷಯ. ನಾನು ಆಡೋದು ಎಫ್‌3ಕೆ ಅನ್ನೋ ವರ್ಗ. ನೆಲದ ಮೇಲೆ ನಿಂತು ರೇಡಿಯೋ ರಿಮೋಟಿನಿಂದ ನಡೆಸೋ ಪುಟ್ಟ ಮಾದರಿ ಗ್ಲೈಡರ್ ಇದು. ಮೋಟಾರ್ ಇಲ್ಲ, ಹಗ್ಗ ಇಲ್ಲ. ರೆಕ್ಕೆಯ ತುದಿಯಲ್ಲಿರೋ ಸಣ್ಣ ಗೂಟವನ್ನು ಬೆರಳಲ್ಲಿ ಹಿಡಿದು, ಡಿಸ್ಕಸ್ ಎಸೆಯೋರ ಹಾಗೆ ಗರ್ರನೆ ಒಂದು ಸುತ್ತು ತಿರುಗಿ ಬಿಡಬೇಕು. ನಿಯಮದ ಪ್ರಕಾರ ರೆಕ್ಕೆ 1500 ಮಿಲಿಮೀಟರ್ ಮೀರಬಾರದು, ತೂಕ 600 ಗ್ರಾಂ ಮೀರಬಾರದು. ಈಗಿನ ಒಳ್ಳೆ ಗ್ಲೈಡರ್‌ಗಳಂತೂ 250 ಗ್ರಾಂ ಆಸುಪಾಸಿನಲ್ಲೇ ಇರ್ತಾವೆ. ಕೈ ಪಳಗಿದವನು 60 ಮೀಟರ್ ಎತ್ತರಕ್ಕೆ ಕಳಿಸ್ತಾನೆ. ಅಲ್ಲಿಂದ ಮುಂದೆ ಎಲ್ಲಾ ಕೆಳಗೆ ನಿಂತವನ ಕಣ್ಣು ಮತ್ತು ಅಂದಾಜು. ಬಿಸಿಗಾಳಿ ಎಲ್ಲಿ ಮೇಲೇಳ್ತಿದೆ ಅಂತ ಗುರುತಿಸಿ ಅದರೊಳಗೆ ಸುತ್ತು ಹೊಡೆಸಿದರೆ ಗ್ಲೈಡರ್ ಏರ್ತದೆ, ತಪ್ಪಿದರೆ ಎರಡು ಮೂರು ನಿಮಿಷದಲ್ಲಿ ಕಾಲಬುಡಕ್ಕೆ ಬಂದು ಕೂಡ್ತದೆ. ಒಂದು ಗುಂಪಿನವರೆಲ್ಲ ಒಂದೇ ಹೊತ್ತಿಗೆ, ಒಂದೇ ಗಾಳಿಯಲ್ಲಿ ಹಾರಿಸ್ತಾರೆ. ಗುಂಪಿನಲ್ಲಿ ಗೆದ್ದವನಿಗೆ 1000 ಅಂಕ, ಉಳಿದವರಿಗೆ ಅವನಿಗೆ ಹೋಲಿಸಿ ಪಾಲು. ಲೆಕ್ಕ ಅಂದ್ರೆ ಹೀಗಿರಬೇಕು.

ಫರಹತಾಬಾದ್ ದಾಟಿ ಒಳಗೆ ಹೋದರೆ ನಮ್ಮ ಕಾಕಾನ ಹೊಲ. ತೊಗರಿ ರಾಶಿ ಮುಗಿದ ಮೇಲೆ ಮುಂಗಾರು ಬೀಳೋತನಕ ಅದೇ ನನ್ನ ಮೈದಾನ. ಎರೆಮಣ್ಣು ಹತ್ತು ಗಂಟೆ ಬಿಸಿಲಿಗೇ ಕಾದು ನಿಂತಿರ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಚುಕ್ಕಿ ಆಗೋತನಕ ಏರ್ತಾವೆ. ಕಾಕಾಗೆ ಈಗ ಅರವತ್ತೆಂಟು. ಹರೆಯದಲ್ಲಿ ಕಣದಾಗ ನಿಂತು ಗಾಳಿಗೆ ಕಾದು ಕಾದು ಜೋಳ ತೂರಿದವರು. ಮೇಲೇಳೋ ಬಿಸಿಗಾಳಿಗೆ ನಾವು ಹೇಳೋ ಥರ್ಮಲ್ ಅನ್ನೋ ಪದ ಅವರು ಕೇಳಿಲ್ಲ. ಹೋದ ವರ್ಷ ಬದುವಿನ ಮೇಲೆ ಕೂತು ನನ್ನ ಎಸೆತ ನೋಡ್ತಿದ್ದವರು, "ತಡಿ ತಮ್ಮಾ, ಈಗ ಬ್ಯಾಡ. ಬೆನ್ನಿಗಿ ಗಾಳಿ ಬಡೀತದ ನೋಡು, ಆವಾಗ ಒಗಿ" ಅಂದರು. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಗಾಳಿ ತಟ್ಟಿತು. ಒಗೆದೆ. ಹನ್ನೊಂದು ನಿಮಿಷ ಗ್ಲೈಡರ್ ಕೆಳಗಿಳಿಯಲಿಲ್ಲ.

ಮುಂದೆಲ್ಲೋ ಎದ್ದ ಬಿಸಿಗಾಳಿ ಸುತ್ತಲಿನ ಗಾಳಿಯನ್ನು ತನ್ನ ಕಡೆ ಎಳಕೊಳ್ತದೆ, ಆ ಎಳೆತವೇ ನಮ್ಮ ಬೆನ್ನಿಗೆ ಬಡಿಯೋದು. ನಾನಿದನ್ನು ವಿಡಿಯೋ ನೋಡಿ ನೋಡಿ ಕಲಿತೆ. ಕಾಕಾಗೆ ಅದು ರಾಶಿ ಮಾಡುವಾಗಲೇ ಬಂದಿತ್ತು. ಎಫ್‌3ಕೆಯಲ್ಲಿ ಗೆಲ್ಲಿಸೋ ವಿದ್ಯೆ ಇದೇ. ನಮ್ಮ ಕಲ್ಯಾಣ ಕರ್ನಾಟಕದ ಒಣ ಹೊಲಗಳಲ್ಲಿ ಬೆಳೆದ ಎಷ್ಟೋ ಮಂದಿಯ ಮೈಯಲ್ಲಿ ಅದು ಇದೆ. ಸ್ಪರ್ಧೆಯ ಅಂಗಳಕ್ಕೆ ಮಾತ್ರ ಅವರ್ಯಾರೂ ಬಂದು ನಿಲ್ಲಲಾರರು.

ಯಾಕೆ ಅಂತ ನನ್ನದೇ ಲೆಕ್ಕ ಹೇಳ್ತೀನಿ. ನನ್ನ ಗ್ಲೈಡರ್ ಸೆಕೆಂಡ್ ಹ್ಯಾಂಡ್, 45,000 ರೂಪಾಯಿ. ಒಳಗಿನ ನಾಲ್ಕು ಸರ್ವೋ (ರೆಕ್ಕೆ, ಬಾಲದ ಪಟ್ಟಿ ತಿರುಗಿಸೋ ಪುಟ್ಟ ಯಂತ್ರ), ರಿಸೀವರ್, ಬ್ಯಾಟರಿಗೆ 14,000. ಟ್ರಾನ್ಸ್‌ಮಿಟರ್, ಅಂದ್ರೆ ಕೈಯಲ್ಲಿ ಹಿಡಿಯೋ ರಿಮೋಟು, 22,000. ಅಂಗಳಕ್ಕೆ ಕಾಲಿಡೋ ಮೊದಲೇ 81,000 ಆಯ್ತು. ನಾನು ಹೈಸ್ಕೂಲ್ ಮಾಸ್ತರ, ಇದನ್ನು ಮೂರು ವರ್ಷದಲ್ಲಿ ಕೂಡಿಸಿದ್ದು.

ಹೊಸದು ಯಾಕೆ ತರಿಸಲಿಲ್ಲ ಅಂತ ಕೇಳ್ತೀರಿ. ಒಮ್ಮೆ ಯುರೋಪಿನಿಂದ ರೇಟ್ ತರಿಸಿದ್ದೆ. ಅಚ್ಚಿನಲ್ಲಿ ಕಾರ್ಬನ್ ಬಟ್ಟೆ ಹಾಸಿ ಮಾಡೋ ರೆಕ್ಕೆ, ಪೂರ್ತಿ ಕೈಕೆಲಸ, ಅದರ ಬೆಲೆಗೆ ನನ್ನ ತಕರಾರಿಲ್ಲ. ತಕರಾರಿರೋದು ಪೆಟ್ಟಿಗೆಗೆ. 160 ಸೆಂ.ಮೀ ಉದ್ದ, 25 ಅಗಲ, 20 ಎತ್ತರ. ಕೊರಿಯರ್‌ನವರು ತೂಕ ನೋಡೋದಿಲ್ಲ, ಮೂರನ್ನೂ ಗುಣಿಸಿ 5000ದಿಂದ ಭಾಗಿಸ್ತಾರೆ. ಕಾಲು ಕಿಲೋ ಗ್ಲೈಡರ್ 16 ಕಿಲೋ ಆಗಿಬಿಡ್ತದೆ. ಅದರ ಮೇಲೆ ಸುಂಕ. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಪೆಟ್ಟಿಗೆಯನ್ನು ಆಟಿಕೆ ಅಂತ ಬರಕೊಂಡರೆ, ಸುಂಕ ಬೀಳೋದು ವಸ್ತುವಿನ ಬೆಲೆಗಷ್ಟೇ ಅಲ್ಲ, ಸಾಗಾಟದ ಖರ್ಚು ಕೂಡಿಸಿ ಬಂದ ಮೊತ್ತಕ್ಕೆ. ಇಲ್ಲದ ಹದಿನಾರು ಕಿಲೋಗೂ ಸುಂಕ ಕಟ್ಟಿದ ಹಾಗಾಯ್ತು. ಚನ್ನಪಟ್ಟಣದ ಗೊಂಬೆ ಮಾಡೋರು ಉಳೀಬೇಕು, ಅವರಿಗಾಗಿ ಸುಂಕ ಹಾಕಿದರೆ ನಾನು ಬೇಡ ಅನ್ನೋದಿಲ್ಲ. ಆದರೆ ಎಫ್‌3ಕೆ ಗ್ಲೈಡರ್ ಕಟ್ಟಿ ಹೊಟ್ಟೆ ಹೊರೆಯೋ ಯಾವ ಕಸುಬುದಾರನೂ ನಮ್ಮ ಕಡೆ ಇಲ್ಲ. ಇಲ್ಲದವನನ್ನು ಕಾಯೋ ಸುಂಕದಿಂದ ಆಡೋ ಹುಡುಗರೂ ಇಲ್ಲದಂತಾಗ್ತಾರೆ.

ಇನ್ನು ಈ ಸಲದ ಪ್ರಯಾಣ. ಫೀ 2000, ಸ್ಲೀಪರ್ ಹೋಗಿ ಬರೋದು 900, ಎರಡು ರಾತ್ರಿ ಲಾಡ್ಜ್ 2400, ಊರಾಚೆ ಮೈದಾನಕ್ಕೆ ಆಟೋ 1800 (ಇಷ್ಟುದ್ದ ಚೀಲ ಹಿಡಿದು ಸಿಟಿ ಬಸ್ ಹತ್ತೋದು ಆಗದ ಮಾತು), ಊಟ ತಿಂಡಿ 700. ಒಟ್ಟು 7800. ಬಾಲದ ಕೊಳವೆ ಬದಲಿಸಿದರೆ ಇನ್ನೂ 5500. ಹೆಂಡತಿಗೆ ಕೊಡಬೇಕಾದ ಉತ್ತರ 13,300.

ಇಷ್ಟು ಸುರಿದು ಹೋದ ಮೇಲೆ ಅಲ್ಲಿ ಆಗೋದೇನು? ನಾಲ್ಕನೇ ಸುತ್ತಿನಲ್ಲಿ ಒಂದೇ ಥರ್ಮಲ್‌ಗೆ ಆರು ಗ್ಲೈಡರ್ ನುಗ್ಗಿದವು. ನನ್ನ ರೆಕ್ಕೆಗೆ ಇನ್ನೊಬ್ಬರ ಗ್ಲೈಡರ್ ತಾಗಿ ಎರಡೂ ಬಿದ್ದವು. ಅವರು ಕಾರಿನ ಡಿಕ್ಕಿಯಿಂದ ಇನ್ನೊಂದನ್ನು ತೆಗೆದು ಮುಂದಿನ ಸುತ್ತಿಗೆ ನಿಂತರು. ನಾನು ಅಂಟು, ಟೇಪು ಹಿಡಿದು ನೆರಳಲ್ಲಿ ಕೂತೆ. ಎರಡು ಸುತ್ತು ಸೊನ್ನೆ. ಅವರ ತಪ್ಪೇನೂ ಇಲ್ಲ, ಪಾಪ, ಬಂದು ನಾಲ್ಕು ಸಲ ಕ್ಷಮೆ ಕೇಳಿದರು. ಮುಂಚೂಣಿಯಲ್ಲಿದ್ದ ಪ್ರತಿಯೊಬ್ಬರ ಹತ್ತಿರ ಎರಡೋ ಮೂರೋ ಗ್ಲೈಡರ್, ಗಾಳಿ ಜೋರಾದರೆ ಹಾಕೋಕೆ ಬೇರೆ ಭಾರ, ಜತೆಗೆ ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡಿದ ಸಹಾಯಕ. ಈ ಸಹಾಯಕ ಸಣ್ಣ ವಿಷಯ ಅಲ್ಲ. ಹಾರಿಸೋನು ತನ್ನ ಗ್ಲೈಡರ್ ಬಿಟ್ಟು ಕಣ್ಣು ತೆಗೆಯೋಕಾಗಲ್ಲ. ಗಡಿಯಾರ ಒತ್ತಿ, ಉಳಿದವರ ಗ್ಲೈಡರ್ ಎಲ್ಲಿ ಏರ್ತಿದೆ ಅಂತ ಕಿವಿಯಲ್ಲಿ ಹೇಳೋನು ಅವನೇ. ನನಗೆ ಪ್ರತಿ ಸುತ್ತಿಗೂ ಯಾರು ಬಿಡುವಾಗಿದ್ದರೋ ಅವರು. ಕಾಕಾನನ್ನು ಕರಕೊಂಡು ಹೋಗಬೇಕು ಅಂತ ಎಷ್ಟು ಸಲ ಅನ್ಕೊಂಡಿದ್ದೀನಿ, ಖರ್ಚು ಇಮ್ಮಡಿ ಆಗ್ತದೆ ಅಂತ ಸುಮ್ಮನಾಗಿದ್ದೀನಿ.

ಸ್ಪರ್ಧೆ ನಡೆಸುವವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಕೈಯಿಂದ ಹಾಕಿಯೇ ನಡೆಸ್ತಾರೆ, ಬೆಳಗ್ಗೆ ಐದಕ್ಕೆ ಬಂದು ಸುಣ್ಣದ ಗೆರೆ ಎಳೀತಾರೆ. ನನ್ನ ಬೇಸರ ಬೇರೆ. ಎಫ್‌3ಕೆಯ ಮೊದಲ ವಿಶ್ವ ಚಾಂಪಿಯನ್‌ಶಿಪ್ 2011ರಲ್ಲಿ ಸ್ವೀಡನ್ನಿನ ಆರ್ಬೋಗಾದಲ್ಲಿ ಆಯ್ತು. ಅಲ್ಲಿನ ಮಟ್ಟದಲ್ಲಿ ಐದು ಗ್ರಾಂ ಕಮ್ಮಿ ಮಾಡೋಕೆ, ಮೂರು ಮೀಟರ್ ಹೆಚ್ಚು ಎಸೆಯೋಕೆ ಸಾವಿರಾರು ರೂಪಾಯಿ ಸುರೀತಾರೆ, ಸುರೀಲಿ. ಆಡೋರೇ ಬೆರಳೆಣಿಕೆಯಷ್ಟಿರೋ ನಮ್ಮಲ್ಲಿ ಹೊಸಬರಿಗೂ ಅದೇ ವರ್ಗ, ಅದೇ ಸಾಮಾನು ಯಾಕೆ?

ಕಾನೂನಿನ ವಿಷಯವೂ ಇದೆ. ನಮ್ಮ ಗ್ಲೈಡರಿಗೂ ಹತ್ತೋ 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲೂ, ಅಂದ್ರೆ ಹಾರಿಸೋಕೆ ಮುಕ್ತವಾಗಿರೋ ಜಾಗದಲ್ಲೂ, ಅನುಮತಿ ಇಲ್ಲದೆ ಹಾರಿಸೋಕೆ ಮಿತಿ 400 ಅಡಿ, ಅಂದ್ರೆ 120 ಮೀಟರ್. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ ಒಳಗಾದರೆ 200 ಅಡಿ. ಶ್ರೀನಿವಾಸ ಸರಡಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣ ಶುರುವಾಯ್ತು, ಅದಕ್ಕೇ ನಾನು ಆ ದಿಕ್ಕು ಬಿಟ್ಟು ಫರಹತಾಬಾದ್ ಕಡೆ ಹೋಗೋದು. ಬೀದರಿನಲ್ಲಿರೋ ಗೆಳೆಯನ ಪಾಡು ಇನ್ನೂ ಕಷ್ಟ. ಸೂರ್ಯಕಿರಣ್ ತಂಡದ ವಿಮಾನಗಳು ಅವನ ಮನೆ ಮಾಳಿಗೆಯ ಮೇಲೇ ಹಾದು ಹೋಗ್ತಾವೆ. ವಾಯುಪಡೆಯ ನೆಲೆ ಇರೋ ಊರಲ್ಲಿ ಗ್ಲೈಡರ್ ಹಾರಿಸೋ ಮಾತೇ ಇಲ್ಲ, ಅವನು ಹುಮನಾಬಾದ್ ದಾಟಿ ಬರಬೇಕು. ಈ ನಿಯಮ ಸರಿಯೇ, ಮೇಲೆ ಮನುಷ್ಯರು ಹಾರ್ತಿರ್ತಾರೆ. ಆದರೆ ಒಳ್ಳೆ ಥರ್ಮಲ್ ಸಿಕ್ಕು 120 ಮೀಟರ್ ಮುಟ್ಟಿದ ಗ್ಲೈಡರಿನ ಮೂಗು ನಾನೇ ಕೆಳಗೆ ಒತ್ತಬೇಕಾದಾಗ ಹೊಟ್ಟೆ ಉರೀತದೆ.

ನಾನು ಹೇಳೋಕೆ ಹೊರಟಿದ್ದು ಇದು: ನಮಗೆ ಎಫ್‌3ಎಲ್ ಬೇಕು. ಜರ್ಮನಿಯ ಹವ್ಯಾಸಿಗಳಿಂದ ಬೆಳೆದ ವರ್ಗ ಇದು. ಮರದ ಗ್ಲೈಡರ್, ರೆಕ್ಕೆ ಎರಡು ಮೀಟರ್ ಒಳಗೆ, ನಿಯಂತ್ರಣಕ್ಕೆ ಎಡಬಲ ತಿರುಗಿಸೋ ರಡ್ಡರ್, ಮೂಗು ಏರಿಸಿ ಇಳಿಸೋ ಎಲಿವೇಟರ್, ಬೇಗ ಕೆಳಗಿಳಿಸೋ ಸ್ಪಾಯ್ಲರ್ ಮೂರೇ. 15 ಮೀಟರ್ ರಬ್ಬರಿಗೆ 100 ಮೀಟರ್ ದಾರ ಕಟ್ಟಿ ಎಳೆದು ಬಿಟ್ಟರೆ ಪತಂಗದ ಹಾಗೆ ಏರ್ತದೆ. ಡಿಸ್ಕಸ್ ಎಸೆಯೋ ತೋಳು ಬೇಡ, ಹೆಣ್ಣುಮಕ್ಕಳು, ವಯಸ್ಸಾದವರು ಎಲ್ಲರೂ ಒಂದೇ ಎತ್ತರದಿಂದ ಶುರು ಮಾಡ್ತಾರೆ. ಮುರಿದರೆ ಅಂಟು ಹಚ್ಚಿ ಸಂಜೆಗೆ ಮತ್ತೆ ಹಾರಿಸಬಹುದು. ಫೋಟೋ ಫ್ರೇಮು, ನಾಮಫಲಕ ಕತ್ತರಿಸೋ ಲೇಸರ್ ಅಂಗಡಿಗಳು ನಮ್ಮೂರಲ್ಲೇ ಇವೆ. ಒಬ್ಬರ ಹತ್ತಿರ ನಕ್ಷೆ ತಗೊಂಡು ಹೋಗಿ ಮಾತಾಡಿದ್ದೀನಿ, ಬಾಲ್ಸಾ ಅನ್ನೋ ಹಗುರ ಮರದ ಹಾಳೆ ತಂದುಕೊಟ್ಟರೆ ಕತ್ತರಿಸಿ ಕೊಡ್ತೀನಿ ಅಂದಿದ್ದಾರೆ. ಟ್ರಾನ್ಸ್‌ಮಿಟರ್ ನನ್ನದು ಒಂದಿದೆ, ಬೇರೆ ಬೇರೆ ಗುಂಪಿನಲ್ಲಿ ಹಾರಿಸೋ ನಾಲ್ವರು ಹುಡುಗರಿಗೆ ಸಾಕು.

ನನ್ನ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಥರ್ಮಾಕೋಲ್ ಹಾಳೆ ಕೊಯ್ದು, ಮೂಗಿಗೆ ನಟ್ಟು ಸಿಗಿಸಿ ಮಾಡಿದ ಗ್ಲೈಡರನ್ನು ಶಾಲೆ ಮಾಳಿಗೆಯಿಂದ ಬಿಡ್ತಾನೆ. ಅದು ಮೈದಾನ ದಾಟಿ ಹೋಗ್ತದೆ. ನಾನು ಬೆಂಗಳೂರಿಗೆ ಹೊರಟ ದಿನ, "ಸರ್, ಮುಂದಿನ ಸಲ ನಾನೂ ಬರ್ಲೇನ್ರಿ?" ಅಂತ ಕೇಳಿದ. ಅವನಪ್ಪ ಗಂಜ್‌ನಲ್ಲಿ ಹಮಾಲಿ ಮಾಡ್ತಾರೆ. ನಾನು "ನೋಡೋಣ" ಅಂದೆ, ಮತ್ತು ಆ ಮಾತು ರೈಲಿನುದ್ದಕ್ಕೂ ನನ್ನನ್ನು ಚುಚ್ಚಿತು.

ಹಾಗಾಗಿ ಫೆಬ್ರವರಿ ಎರಡನೇ ಭಾನುವಾರ, ಬೆಳಗ್ಗೆ ಏಳಕ್ಕೆ, ಕಾಕಾನ ಹೊಲದಲ್ಲಿ ಸೇರೋಣ. ಫೀ ಇಲ್ಲ. ಥರ್ಮಾಕೋಲ್, ಮರ, ಏನಿದ್ದರೂ ತನ್ನಿ, ಏನೂ ಇಲ್ಲದಿದ್ದರೆ ಗಡಿಯಾರ ಹಿಡಿಯೋಕೆ ಬನ್ನಿ. ಕಾಕಾ ಒಂದೇ ಷರತ್ತು ಹಾಕಿದ್ದಾರೆ, ಹುಡುಗರನ್ನು ಬಾವಿ ಕಡೆ ಬಿಡಬಾರದು. ತೊಗರಿ ಕೊಯ್ದ ಬುಡಗಳು ಗೂಟದ ಹಾಗೆ ನಿಂತಿರ್ತಾವೆ, ಇಳಿಯೋ ರೆಕ್ಕೆಯನ್ನು ಹರಿದು ಹಾಕ್ತಾವೆ. ಇಳಿಯೋ ಜಾಗದಷ್ಟಾದರೂ ಹಿಂದಿನ ದಿನವೇ ಕಿತ್ತು ಹಸನು ಮಾಡಬೇಕು. ಶನಿವಾರ ಮಧ್ಯಾಹ್ನ ಬಿಡುವಿದ್ದವರು ಗುದ್ದಲಿ ತಗೊಂಡು ಬರ್ರಿ.