ಮೀಟರ್ ಓಡದಿದ್ದರೂ ಬೆಲ್ಟಿಗೆ ವಯಸ್ಸಾಗುತ್ತದೆ

ನಮ್ಮ ಉಡುಪಿ ಕಡೆ ಸುಮಾರು ಮನೆಗಳ ಅಂಗಳದಲ್ಲಿ ಒಂದು ಕಾರು ಸುಮ್ನೆ ನಿಂತಿರುತ್ತದೆ. ಮೇಲೊಂದು ಬೂದು ಬಣ್ಣದ ಕವರ್. ಕವರ್ ಮೇಲೆ ಮಾವಿನ ಎಲೆ, ಬೆಕ್ಕಿನ ಹೆಜ್ಜೆ. ಯಜಮಾನರು ದುಬೈಯಲ್ಲೋ ಮಸ್ಕತ್ತಿನಲ್ಲೋ ಮುಂಬೈಯಲ್ಲೋ ಇರುತ್ತಾರೆ. ವರ್ಷಕ್ಕೊಮ್ಮೆ ಬರುತ್ತಾರೆ. ಮದುವೆ, ಕೋಲ, ಸುಬ್ರಹ್ಮಣ್ಯ, ಧರ್ಮಸ್ಥಳ ಅಂತ ಒಂದು ತಿಂಗಳು ಓಡಿಸುತ್ತಾರೆ. ಹೋಗುವಾಗ ಮತ್ತೆ ಕವರ್. ಇಂಥ ಕಾರಿನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: "ಗಾಡಿ ಹೊಸತರ ಹಾಗೆ ಉಂಟು ಮಾರಾಯ್ರೆ, ಓಡಿದ್ದೇ ಇಲ್ಲ."

ಈ ಮಾತನ್ನು ನಾನೂ ತುಂಬ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ಕಾರಣ ಇಂಜಿನ್ನಿನ ಟೈಮಿಂಗ್ ಬೆಲ್ಟ್. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ ನನ್ನ ಗೆಳೆಯನೊಬ್ಬ ಬಜಪೆ ಏರ್‌ಪೋರ್ಟಿನಿಂದ ತಮ್ಮನನ್ನು ಕರೆದುಕೊಂಡು ಬರುತ್ತಿದ್ದ. ರಾತ್ರಿ ಹೊತ್ತು. ಹೆಜಮಾಡಿ ದಾಟಿದ ಮೇಲೆ ಹೈವೇಯಲ್ಲಿ ಇಂಜಿನ್ ಪಕ್ಕನೆ ನಿಂತಿತು. ಅದಕ್ಕೆ ಮೊದಲು ಶಬ್ದ ಇಲ್ಲ, ಹೊಗೆ ಇಲ್ಲ, ಲೈಟ್ ಇಲ್ಲ. ಹಿಂದೆ ಲಾರಿಗಳು ಬರುತ್ತಿದ್ದವು. ಸ್ಟೇರಿಂಗ್ ಬಿಗಿಯಾಯಿತು. ಹೇಗೋ ಎಳೆದು ಬದಿಗೆ ತಂದು ನಿಲ್ಲಿಸಿದ. ಗಾಡಿ ಓಡಿದ್ದು ಬರೇ 52,000 ಕಿಲೋಮೀಟರ್. ಮರುದಿನ ಗ್ಯಾರೇಜಿನಲ್ಲಿ ಇಂಜಿನ್ನಿನ ಮೇಲಿನ ಭಾಗ, ಅಂದರೆ ಹೆಡ್ ಬಿಚ್ಚಿದಾಗ ವಾಲ್ವ್‌ಗಳು ಬಾಗಿದ್ದವು. ಟೈಮಿಂಗ್ ಬೆಲ್ಟ್ ತುಂಡಾಗಿತ್ತು. ಗಾಡಿ ತೆಗೆದುಕೊಂಡ ಮೇಲೆ ಅದನ್ನು ಒಮ್ಮೆಯೂ ಬದಲಾಯಿಸಿರಲಿಲ್ಲ.

ಈ ಬೆಲ್ಟಿನ ಕೆಲಸ ಎಂತದು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಜಿನ್ನಿನ ಒಳಗೆ ತಿರುಗುವ ಎರಡು ದಂಡಗಳು: ಕೆಳಭಾಗದಲ್ಲಿ ಕ್ರ್ಯಾಂಕ್, ಮೇಲ್ಭಾಗದಲ್ಲಿ ಕ್ಯಾಮ್. ಪಿಸ್ಟನ್ ಮೇಲೆ ಕೆಳಗೆ ಹೋಗುವುದು ಕ್ರ್ಯಾಂಕಿನ ಲೆಕ್ಕ. ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್ ತೆರೆದು ಮುಚ್ಚುವುದು ಕ್ಯಾಮಿನ ಲೆಕ್ಕ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕವನ್ನು ಹಿಡಿದಿಡುವುದು ಹಲ್ಲುಗಳಿರುವ ಒಂದು ರಬ್ಬರ್ ಬೆಲ್ಟ್. ಇಂಜಿನ್ 3,000 ಆರ್‌ಪಿಎಮ್‌ನಲ್ಲಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು, ಕ್ಯಾಮ್ 25 ಸುತ್ತು. ಅಂದರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ಪಿಸ್ಟನ್ನಿನ ದಾರಿಗೆ ಇಳಿದು ವಾಪಸ್ ಹೋಗುತ್ತದೆ. ಬೆಲ್ಟ್ ತುಂಡಾದರೆ ಕ್ಯಾಮ್ ಅಲ್ಲೇ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ಹೆಚ್ಚಿನ ಇಂಜಿನ್‌ಗಳಲ್ಲಿ ತೆರೆದೇ ಉಳಿದ ವಾಲ್ವ್‌ಗೆ ಪಿಸ್ಟನ್ ಢಿಕ್ಕಿ ಹೊಡೆಯುತ್ತದೆ. ಆಮೇಲೆ ಆಗುವ ಖರ್ಚು ಬೆಲ್ಟ್ ಕಿಟ್‌ನ ಬೆಲೆಯ ಹಲವು ಪಟ್ಟು.

ಎಲ್ಲ ಗಾಡಿಗಳಲ್ಲೂ ಬೆಲ್ಟ್ ಇರುವುದಿಲ್ಲ. ಸ್ವಿಫ್ಟಿನ 1.3 ಡೀಸೆಲ್‌ನಲ್ಲಿ ಚೈನ್. ಮಾರುತಿಯ ಕೆ ಸೀರೀಸ್ ಪೆಟ್ರೋಲ್ ಇಂಜಿನ್‌ಗಳಲ್ಲೂ ಚೈನ್. ಹಳೆ ಮಾರುತಿ 800, ಹಳೆ ಸ್ಯಾಂಟ್ರೋ, ಡಸ್ಟರ್ ಡೀಸೆಲ್, ಪೋಲೋ ಡೀಸೆಲ್, ಫಿಗೋ ಡೀಸೆಲ್ ಇವುಗಳಲ್ಲೆಲ್ಲ ಬೆಲ್ಟ್. ನಿಮ್ಮದು ಯಾವುದು ಅಂತ ಮ್ಯಾನುವಲ್ ನೋಡಿ, ಇಲ್ಲದಿದ್ದರೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕೇಳಿ.

ಗೆಳೆಯನ ಗಾಡಿ ನೋಡಿದ ದಿನ ನನಗೆ ನೆನಪಾದದ್ದು ಅಕ್ಕನ ಮನೆಯ ಕಾರು. ಅಕ್ಕ ಭಾವ ಅಬುಧಾಬಿಯಲ್ಲಿದ್ದಾರೆ. ಕಟಪಾಡಿಯ ಮನೆಯಲ್ಲಿ ಅಕ್ಕನ ಅತ್ತೆ ಮಾವ ಇಬ್ಬರೇ. 2012ರ ಫಿಗೋ ಡೀಸೆಲ್ ಒಂದು ಅಂಗಳದ ಬದಿಯಲ್ಲಿ ಶೀಟಿನ ಕೆಳಗೆ ಉಂಟು. ಅತ್ತೆಯನ್ನು ಮಣಿಪಾಲದ ಆಸ್ಪತ್ರೆಗೆ ಚೆಕಪ್‌ಗೆ ಕರೆದುಕೊಂಡು ಹೋಗುವುದು ಅದರಲ್ಲೇ, ಓಡಿಸುವುದು ನಾನೇ. ಮೀಟರ್ 41,000. ವಯಸ್ಸು 12 ದಾಟಿತ್ತು. ಬೆಲ್ಟ್ ಕಂಪನಿಯಿಂದ ಬಂದದ್ದೇ.

ಟೈಮಿಂಗ್ ಬೆಲ್ಟ್ ಇರುವ ಗಾಡಿಗಳ ಸರ್ವಿಸ್ ಶೆಡ್ಯೂಲ್‌ನಲ್ಲಿ ಸಾಮಾನ್ಯವಾಗಿ ಕಿಲೋಮೀಟರ್, ವರ್ಷ ಎರಡನ್ನೂ ಬರೆದಿರುತ್ತಾರೆ. ಯಾವುದು ಮೊದಲು ಬರುತ್ತದೋ ಅದು ಲೆಕ್ಕ. ನಾವು ಕಿಲೋಮೀಟರನ್ನು ಮಾತ್ರ ಓದುತ್ತೇವೆ. ಗಾಡಿ ಓಡಿದರೆ ಮಾತ್ರ ರಬ್ಬರ್ ಹಾಳಾಗುವುದು ಅಂತಲ್ಲ. ಕಾಲ ಕಳೆದಂತೆ ಅದು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಬಿಸಿಗೆ, ಆಯಿಲ್ ತಾಗಿದರೆ ಇನ್ನೂ ಬೇಗ. ಮನೆಯ ಹಳೆ ಚಪ್ಪಲಿಯನ್ನು ವರ್ಷಗಟ್ಟಲೆ ಮೂಲೆಯಲ್ಲಿಟ್ಟು ತೆಗೆದರೆ ಅಡಿ ಪುಡಿಪುಡಿ ಆಗಿರುತ್ತದೆ, ಅಲ್ವಾ? ಹಾಕಿ ನಡೆದದ್ದೇ ಇಲ್ಲ, ಆದರೂ ಹೋಗಿರುತ್ತದೆ.

ನನ್ನ ಸೋದರಮಾವ ಉಡುಪಿ ಮಂಗಳೂರು ಬಸ್ಸುಗಳಲ್ಲಿ 30 ವರ್ಷ ಮೆಕ್ಯಾನಿಕ್ ಆಗಿದ್ದವರು. ಈಗ ಮನೆಯಲ್ಲಿದ್ದಾರೆ. ಅವರ ಹತ್ತಿರ ಹೇಳಿದೆ. "ನಾವೇ ಮಾಡುವ. ಆದರೆ ಎರಡು ದಿನ ಬೇಕು, ಅರ್ಜೆಂಟ್ ಮಾಡ್ಲಿಕ್ಕಿಲ್ಲ" ಅಂದರು. ಕಳೆದ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಕಟಪಾಡಿಯ ಅಂಗಳದಲ್ಲೇ ಕೆಲಸ ಶುರು ಮಾಡಿದೆವು.

ಸಾಮಾನು ತರುವಾಗ ಬೆಲ್ಟ್ ಒಂದೇ ತಂದರೆ ಸಾಲದು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದನ್ನು ದಾರಿಯಲ್ಲಿಡುವ ಐಡ್ಲರ್ ಪುಲ್ಲಿ, ಇಂಜಿನ್ ತಣಿಸುವ ನೀರನ್ನು ಓಡಿಸುವ ವಾಟರ್ ಪಂಪ್ ಎಲ್ಲ ಸೇರಿದ ಕಿಟ್ ತರಬೇಕು. ವಾಟರ್ ಪಂಪ್ ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಈ ಇಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದು ಇದೇ ಟೈಮಿಂಗ್ ಬೆಲ್ಟ್. ಪಂಪಿನ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟಿನ ಹಲ್ಲು ಕಿತ್ತು ಹೋಗುತ್ತದೆ. ಪಂಪ್ ಲೀಕ್ ಆದರೆ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಬೆಲ್ಟಿನ ಮೇಲೆ ಬೀಳುತ್ತದೆ. ಮುಂದೆ ಪಂಪ್ ಒಂದನ್ನೇ ಬದಲಾಯಿಸಬೇಕಾದರೂ ಇಷ್ಟೂ ಮತ್ತೆ ಬಿಚ್ಚಬೇಕು. "ಇಷ್ಟು ಬಿಚ್ಚಿದ ಮೇಲೆ ಹಳೆ ಪಂಪ್ ಬಿಡ್ಲಿಕ್ಕಿಲ್ಲ" ಅಂತ ಸೋದರಮಾವ ಮೊದಲ ದಿನವೇ ಹೇಳಿದ್ದರು.

ಗಾಡಿ ಎತ್ತುವ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ಜಾಕ್ ಕೊಟ್ಟು ಅಡಿಗೆ ಕೆಂಪುಕಲ್ಲು ಇಡುವ ಅಭ್ಯಾಸ ಉಂಟು. ಮಾಡಬೇಡಿ. ಕೆಂಪುಕಲ್ಲು ಗೋಡೆಗೆ ಒಳ್ಳೆಯದು. ಆದರೆ ಒಂದೇ ಕಡೆ ಭಾರ ಬಿದ್ದರೆ ಪುಡಿಯಾಗುತ್ತದೆ. ನಾವು ಜಾಕ್ ಸ್ಟ್ಯಾಂಡ್ ತಂದೆವು. ಮಣ್ಣಿನಲ್ಲಿ ಹೂತು ಹೋಗಬಾರದು ಅಂತ ಅದರ ಅಡಿಗೆ ದಪ್ಪ ಹಲಗೆ ಇಟ್ಟೆವು. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟೆವು. ಜಾಕ್ ಸ್ಟ್ಯಾಂಡ್ ಇಲ್ಲದೆ ಗಾಡಿಯ ಅಡಿಗೆ ತಲೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಬ್ಯಾಟರಿ ತಪ್ಪಿಸಿ, ಬಲಗಡೆಯ ಮುಂದಿನ ಚಕ್ರ ಬಿಚ್ಚಿ, ಇಂಜಿನ್ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಟ್ಟು, ಬಲಗಡೆಯ ಇಂಜಿನ್ ಮೌಂಟಿಂಗ್ ತೆಗೆದೆವು. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಒಂದು ಗಂಟೆ ಕಾಡಿತು. ಇಂಜಿನ್ ತಿರುಗದಂತೆ ಫ್ಲೈವೀಲ್ ಲಾಕ್ ಮಾಡಿ, ಹ್ಯಾಂಡಲಿಗೆ ಉದ್ದದ ಪೈಪ್ ಹಾಕಿ, ಇಬ್ಬರೂ ಸೇರಿ ಒತ್ತಿದ ಮೇಲೆ "ಟಕ್" ಅಂತ ಬಿಟ್ಟಿತು. ಕೆಲವರು ಸಾಕೆಟ್ ಸಿಕ್ಕಿಸಿ ಸ್ಟಾರ್ಟರ್ ಹೊಡೆದು ಬಿಡಿಸುತ್ತಾರೆ. ಮಾವ ಅದಕ್ಕೆ ಒಪ್ಪಲೇ ಇಲ್ಲ. ಹ್ಯಾಂಡಲ್ ಹಾರಿ ಕೈ ಮುರಿದುಕೊಂಡವರನ್ನು ಅವರು ನೋಡಿದ್ದಾರಂತೆ.

ಕವರ್ ತೆಗೆದಾಗ ಬೆಲ್ಟ್ ಕಂಡಿತು. ಕಪ್ಪಗೆ, ಅಚ್ಚುಕಟ್ಟಾಗಿ. ಮೇಲಿನ ಅಕ್ಷರಗಳನ್ನು ಇನ್ನೂ ಓದಬಹುದಿತ್ತು. ಚೆನ್ನಾಗಿಯೇ ಉಂಟಲ್ಲ ಅಂತ ಒಂದು ಕ್ಷಣ ನನಗೂ ಅನಿಸಿತು. ಕ್ಯಾಮ್, ಕ್ರ್ಯಾಂಕ್ ಎರಡೂ ಜಾಗ ಬಿಟ್ಟು ಅಲುಗಾಡದಂತೆ ಲಾಕಿಂಗ್ ಪಿನ್ ಹಾಕಿದೆವು. ಪಿನ್ ಇದ್ದರೂ ಮಾವ ವೈಟ್‌ನರ್‌ನಲ್ಲಿ ಗುರುತು ಹಾಕಿಸಿದರು. ಮೊಬೈಲಿನಲ್ಲಿ ಫೋಟೋ ತೆಗೆದೆ. ಟೆನ್ಷನರ್ ಸಡಿಲ ಮಾಡಿ ಬೆಲ್ಟ್ ಕೈಗೆ ತೆಗೆದುಕೊಂಡೆ. ಮಾವ ಅದನ್ನು ನನ್ನ ಕೈಯಿಂದ ತೆಗೆದು ಹಿಂದಕ್ಕೆ ಮಡಚಿ ಬಿಸಿಲಿಗೆ ಹಿಡಿದರು. ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಒಂದಲ್ಲ, ಸಾಲಾಗಿ ಒಂದೊಂದು ಹಲ್ಲಿನ ಬುಡದಲ್ಲೂ. ಒಂದು ಬದಿಯ ಅಂಚಿನಲ್ಲಿ ನೂಲು ಎದ್ದಿತ್ತು. ನಾನು ಏನೂ ಮಾತಾಡಲಿಲ್ಲ. ಹಿಂದಿನ ವಾರವಷ್ಟೇ ಅತ್ತೆಯನ್ನು ಕೂರಿಸಿಕೊಂಡು ಅದೇ ಗಾಡಿಯಲ್ಲಿ ಮಣಿಪಾಲಕ್ಕೆ ಹೋಗಿ ಬಂದಿದ್ದೆ.

ಪಂಪ್ ಬಿಚ್ಚಿದಾಗ ಇನ್ನೊಂದು ಕತೆ. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಅದರಿಂದ ಹೊರಗೆ ಬಂದು ಗೊತ್ತಾಗಲಿ ಅಂತಲೇ ಇಟ್ಟಿರುತ್ತಾರೆ. ಅಲ್ಲಿಂದ ಕೆಳಗೆ ಒಣಗಿದ ಕಲೆ ಇಳಿದಿತ್ತು. ಪುಲ್ಲಿ ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಗರಗರ. ಒಳಗೆ ಕಂದು ಕೆಸರು. ಅತ್ತೆಯವರ ಹತ್ತಿರ ಕೇಳಿದೆ. ನೀರು ಕಡಿಮೆ ಆದಾಗಲೆಲ್ಲ ಬಾವಿ ನೀರು ಹಾಕುತ್ತಿದ್ದರಂತೆ. ಅವರನ್ನು ದೂರುವುದಿಲ್ಲ. "ನಮ್ಮಲ್ಲಿ ಹಿಮ ಬೀಳುತ್ತದಾ, ಕೂಲಂಟ್ ಯಾಕೆ?" ಅಂತ ಕೇಳುವವರು ಎಲ್ಲ ಕಡೆ ಇದ್ದಾರೆ. ಕೂಲಂಟ್ ಬರೇ ಹಿಮಕ್ಕೆ ಇರುವುದಲ್ಲ. ಅದರಲ್ಲಿ ತುಕ್ಕು ಹಿಡಿಯದಂತೆ, ಲೋಹ ತಿನ್ನದಂತೆ ಮಾಡುವ ಅಂಶ ಇರುತ್ತದೆ. ನೀರಿಗಿಂತ ಜಾಸ್ತಿ ಬಿಸಿಯಾದ ಮೇಲೆ ಅದು ಕುದಿಯುತ್ತದೆ. ಬಾವಿ ನೀರಿನಲ್ಲಿ ಲವಣ, ಕಬ್ಬಿಣದ ಅಂಶ ಇರುತ್ತದೆ. ಅದು ಒಳಗೆ ಪದರ ಕಟ್ಟುತ್ತದೆ. ಕುಡಿಯಲು ಎಷ್ಟು ಸಿಹಿಯಾದ ನೀರಾದರೂ ಇಂಜಿನ್‌ಗೆ ಬೇಡ.

ಇಳಿಸಿದ ಹಳೆ ಕೂಲಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದರ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ. ಅದು ವಿಷ, ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ನಮ್ಮ ಮನೆಗಳಲ್ಲಿ ಬಾವಿ ಹತ್ತು ಹೆಜ್ಜೆ ದೂರದಲ್ಲೇ ಇರುತ್ತದೆ. ನಾವು ಕ್ಯಾನಿನಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಟ್ಟೆವು.

ಎರಡನೇ ದಿನ ಜೋಡಿಸುವ ಕೆಲಸ. ಪಂಪ್ ಕೂರುವ ಜಾಗವನ್ನು ಮಾವ ಅರ್ಧ ಗಂಟೆ ಉಜ್ಜಿದರು. ಬ್ಲಾಕ್ ಅಲ್ಯೂಮಿನಿಯಂ, ಗೀರು ಬಿದ್ದರೆ ಲೀಕ್ ಆಗುತ್ತದೆ. ಹೊಸ ಬೆಲ್ಟನ್ನು ನಾನು ಪೊಟ್ಟಣದಿಂದ ತೆಗೆದು ಮಡಚಿ ನೋಡಲು ಹೋದೆ. ತಟ್ಟನೆ ತಡೆದರು. ಅದರ ಒಳಗೆ ಗಾಜಿನ ನೂಲು ಇರುತ್ತದೆ. ಎಳೆದರೆ ಗಟ್ಟಿ, ಮಡಚಿದರೆ ಒಳಗೇ ತುಂಡಾಗುತ್ತದೆ, ಹೊರಗೆ ಕಾಣುವುದೂ ಇಲ್ಲ. ಆಮೇಲೆ ಮಾವ ಇನ್ನೊಂದು ಮಾತು ಹೇಳಿದರು. ಜೀವಮಾನ ಎಲ್ಲ ಕೈ ಅಳತೆಯಲ್ಲೇ ಬೋಲ್ಟ್ ಬಿಗಿದವರು ಅವರು. "ಈ ಬೋಲ್ಟಿಗೆಲ್ಲ ಟಾರ್ಕ್ ರೆಂಚೇ ಆಗಬೇಕು. ಅಲ್ಯೂಮಿನಿಯಂನಲ್ಲಿ ಕೈ ನಂಬ್ಲಿಕ್ಕಿಲ್ಲ." ಎಷ್ಟು ಬಲಕ್ಕೆ ಬಿಗಿಯಿತು ಅಂತ ಅಳೆಯುವ ಸ್ಪ್ಯಾನರ್ ಅದು. ಅವರ ಬಗ್ಗೆ ಇದ್ದ ಗೌರವ ಆ ಮಾತಿಗೆ ಇನ್ನೂ ಹೆಚ್ಚಾಯಿತು. ಕ್ರ್ಯಾಂಕ್ ಬೋಲ್ಟ್ ಹೊಸತೇ ಹಾಕಿದೆವು.

ಬೆಲ್ಟ್ ಹಾಕಿ, ಟೆನ್ಷನರ್ ಸರಿ ಮಾಡಿ, ಪಿನ್ ತೆಗೆದ ಮೇಲೆ ಕೀ ತಿರುಗಿಸುವಂತಿಲ್ಲ. ಮೊದಲು ಸ್ಪ್ಯಾನರ್ ಹಾಕಿ ಇಂಜಿನನ್ನು ಕೈಯಲ್ಲೇ ತಿರುಗಿಸಬೇಕು. ನಾವು ಹತ್ತು ಸುತ್ತು ತಿರುಗಿಸಿದೆವು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು, ಬಲ ಹಾಕಬಾರದು. ಹತ್ತು ಸುತ್ತಾದ ಮೇಲೆ ಎರಡೂ ಪಿನ್ ಮತ್ತೆ ತೂತಿಗೆ ಸಲೀಸಾಗಿ ಹೋಗಬೇಕು. ಹೋಯಿತು. ತೆಗೆದು ಇನ್ನೊಮ್ಮೆ ನೋಡಿದೆವು. ಆಗಲೂ ಹೋಯಿತು. ಒಂದೇ ಒಂದು ಹಲ್ಲು ಆಚೀಚೆ ಆಗಿದ್ದರೂ ಪಿನ್ ಹೋಗುತ್ತಿರಲಿಲ್ಲ. ಆಮೇಲೆ ಕವರ್, ಪುಲ್ಲಿ, ಮೌಂಟಿಂಗ್. ಹೊಸ ಕೂಲಂಟ್ ಹಾಕಿ ಗಾಳಿ ತೆಗೆದೆವು. ಸಂಜೆ ಐದೂವರೆಗೆ ಸ್ಟಾರ್ಟ್ ಮಾಡಿದೆ. ಅತ್ತೆ ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಒಂದೇ ಸಲಕ್ಕೆ ಹಿಡಿಯಿತು. ಕಾಪುವರೆಗೆ ಹೋಗಿ ಬಂದು, ಬಾನೆಟ್ ತೆಗೆದು ಟಾರ್ಚ್ ಹಾಕಿ ಲೀಕ್ ನೋಡಿದೆವು. ಒಣಗಿತ್ತು.

ಮನೆಯಲ್ಲೇ ಮಾಡಿ ಅಂತ ಎಲ್ಲರಿಗೂ ಹೇಳುವುದಿಲ್ಲ. ಗೊತ್ತಿರುವವರು ಪಕ್ಕದಲ್ಲಿ ಇರಬೇಕು. ಪಿನ್ ಸೆಟ್, ಟಾರ್ಕ್ ರೆಂಚ್, ಜಾಕ್ ಸ್ಟ್ಯಾಂಡ್ ಈ ಮೂರು ಇಲ್ಲದಿದ್ದರೆ ಬೇಡವೇ ಬೇಡ. ಒಳ್ಳೆಯ ಗ್ಯಾರೇಜಿಗೆ ಕೊಡಿ, ಪಂಪ್ ಸೇರಿಸಿ ಮಾಡಿ ಅಂತ ಬಾಯಿಬಿಟ್ಟು ಹೇಳಿ, ಹಳೆ ಸಾಮಾನು ಕೇಳಿ ತನ್ನಿ. ಯಾರು ಮಾಡಿದರೂ ಸರಿ, ಮಾಡಿಸಿದ ತಾರೀಕು ಬರೆದಿಡಿ.

ಸೆಕೆಂಡ್ ಹ್ಯಾಂಡ್ ಗಾಡಿ ತೆಗೆಯುವಾಗ ನಾವು ಮೊದಲು ಕೇಳುವುದು "ಎಷ್ಟು ಓಡಿದೆ?" ಅಂತ. ಗಲ್ಫಿನವರ ಗಾಡಿ, 40,000 ಅಂದ ಕೂಡಲೇ ಜಾಸ್ತಿ ದುಡ್ಡು ಕೊಡಲೂ ತಯಾರು. ಬೆಲ್ಟ್ ಯಾವಾಗ ಹಾಕಿದ್ದು ಅಂತ ಒಬ್ಬರೂ ಕೇಳುವುದಿಲ್ಲ. ನನಗಂತೂ ಈಗ ನಿಂತ ಗಾಡಿಗಿಂತ, ಲಕ್ಷ ಓಡಿ ಬೆಲ್ಟ್ ಬದಲಾಯಿಸಿದ ಬಿಲ್ ಇರುವ ಗಾಡಿಯ ಮೇಲೆಯೇ ಹೆಚ್ಚು ಭರವಸೆ. ಸೀಟ್ ಕವರಿಗೆ, ಪಾಲಿಶಿಗೆ, ಮ್ಯೂಸಿಕ್ ಸಿಸ್ಟಮಿಗೆ ಖರ್ಚು ಮಾಡುತ್ತೇವೆ. ಕಣ್ಣಿಗೆ ಕಾಣದ ಈ ಬೆಲ್ಟಿಗೂ ಅಷ್ಟೇ ಮನಸ್ಸಿನಿಂದ ಮಾಡಬೇಕು. ಈ ಗಾಡಿಗಳಲ್ಲಿ ಕೂತು ಆಸ್ಪತ್ರೆಗೆ, ಮದುವೆಗೆ ಹೋಗುವವರು ನಮ್ಮ ಮನೆಯ ಹಿರಿಯರೇ.

ಹಳೆ ಬೆಲ್ಟನ್ನು ನಾನು ಬಿಸಾಡಲಿಲ್ಲ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಇಟ್ಟಿದ್ದೆ. ಫೋನಿನಲ್ಲಿ ಹೇಳಿದಾಗ ಭಾವನಿಗೆ ಅಷ್ಟೇನೂ ಸರಿ ಬಂದಿರಲಿಲ್ಲ. "ಇಷ್ಟು ಕಡಿಮೆ ಓಡಿದ ಗಾಡಿಗೆ ಈಗಲೇ ಬೇಕಿತ್ತಾ ಮಾರಾಯ?" ಅಂದಿದ್ದರು. ಮೊನ್ನೆ ಊರಿಗೆ ಬಂದರು. ಊಟ ಆದ ಮೇಲೆ ತೊಟ್ಟೆ ಬಿಚ್ಚಿ ಬೆಲ್ಟನ್ನು ಅವರ ಕೈಗೆ ಕೊಟ್ಟೆ. "ಹಿಂದಕ್ಕೆ ಮಡಚಿ ನೋಡಿ ಭಾವ" ಅಂದೆ. ಮಡಚಿದರು. ಬಿರುಕುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ ಎದ್ದು ಹೋಗಿ ಅಬುಧಾಬಿಯಲ್ಲಿರುವ ಅವರ ಗೆಳೆಯನಿಗೆ ಫೋನ್ ಮಾಡಿದರು. ಆ ಗೆಳೆಯನದ್ದೊಂದು ಡಸ್ಟರ್ ಡೀಸೆಲ್ ಶಿರ್ವದ ಮನೆಯಲ್ಲಿ ಒಂಬತ್ತು ವರ್ಷದಿಂದ ನಿಂತಿದೆಯಂತೆ. ಭಾನುವಾರ ಮಾವನನ್ನು ಕರೆದುಕೊಂಡು ನೋಡಲು ಹೋಗುತ್ತಿದ್ದೇನೆ.