ಬಚ್ಚಲ ಫ್ಯಾನಿನ ಸದ್ದು

ನಮ್ಮನೆ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿಗೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಸ್ವಿಚ್ ಒತ್ತಿದರೆ ಮೊದಲು ಒಂದು ಕೆಮ್ಮು, ಆಮೇಲೆ ಕೊರ್ ಕೊರ್, ಕೊನೆಗೆ ಸಾಕ್ಷಾತ್ ಹಿಟ್ಟಿನ ಗಿರಣಿ. ಹಾಲಿನಲ್ಲಿ ಟಿವಿ ನೋಡುತ್ತಿದ್ದವರು ವಾಲ್ಯೂಮ್ ಏರಿಸುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮ ಕಾವಲಿಯನ್ನು ಒಲೆಯ ಮೇಲಿಡುತ್ತಿದ್ದಳು. ಸದ್ದು ನಿಂತಿತೋ, ನನ್ನ ಸ್ನಾನ ಮುಗಿಯಿತು ಅಂತ ಲೆಕ್ಕ. ಚುಂಯ್ ಎಂದು ಮೊದಲ ದೋಸೆ ಬೀಳುತ್ತಿತ್ತು.

ಇಷ್ಟೆಲ್ಲ ಅಬ್ಬರ ಮಾಡಿಯೂ ಅದು ಎಳೆಯುತ್ತಿದ್ದ ಗಾಳಿ ಅಷ್ಟಕ್ಕಷ್ಟೆ. ಕನ್ನಡಿಯಲ್ಲಿ ನನ್ನ ಮುಖ ಕಾಣಲು ಟವೆಲ್ಲಿನಿಂದ ಕಿಟಕಿ ಕೊರೆದುಕೊಳ್ಳಬೇಕಿತ್ತು. ಚಾವಣಿಯ ಮೂಲೆಯಲ್ಲಿ ಬೂಷ್ಟು. ಬಣ್ಣ ಹೊಡೆಸಿದ ನಾಲ್ಕು ತಿಂಗಳಿಗೆ ಮತ್ತೆ ಅದೇ ಕಪ್ಪು ಚುಕ್ಕಿಗಳು, ಅದೇ ಜಾಗದಲ್ಲಿ, ಹಾಜರಿ ಹಾಕಲು ಬಂದ ಹಾಗೆ.

ಸಾಗರದ ಕಡೆಯ ನಮ್ಮ ಅಜ್ಜನ ಮನೆಯ ಬಚ್ಚಲಲ್ಲೂ ಗೋಡೆ ಕಪ್ಪಗಿತ್ತು. ಆದರೆ ಅದು ಹೊಗೆಯ ಕಪ್ಪು. ದೊಡ್ಡ ಹಂಡೆ, ಅಡಿಯಲ್ಲಿ ಒಲೆ, ಒಲೆಗೆ ಅಡಿಕೆ ಸಿಪ್ಪೆ. ಬಿಸಿ ಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ಆಚೆ ಹೋಗುತ್ತಿತ್ತು, ಬಾಗಿಲ ಕೆಳಗಿನಿಂದ ತಣ್ಣನೆ ಗಾಳಿ ಒಳಗೆ ಬಂದು ಕಾಲು ಕಚ್ಚುತ್ತಿತ್ತು. ಸ್ವಿಚ್ಚೂ ಇಲ್ಲ, ಸದ್ದೂ ಇಲ್ಲ. ಕಾಲಿಗೆ ಚಳಿ ಅಂತ ನಾವು ಮಕ್ಕಳು ಆ ಬಾಗಿಲ ಸಂದಿಗೆ ಗೋಣಿಚೀಲ ತುರುಕುತ್ತಿದ್ದೆವು. ಅಜ್ಜ ಬಂದು ಕಿತ್ತು ಬಿಸಾಡುತ್ತಿದ್ದರು. ಯಾಕೆ ಅಂತ ಆಗ ಕೇಳಲಿಲ್ಲ.

ಅಂತೂ ಹೊಸ ಫ್ಯಾನು ತರೋಣ ಎಂದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ಸದ್ದಿಲ್ಲದ ಫ್ಯಾನು ಬೇಕು ಎಂದೆ. ಅಂಗಡಿಯ ಹುಡುಗ ಮೂರು ಫ್ಯಾನುಗಳನ್ನು ಒಂದೊಂದಾಗಿ ಗಲ್ಲೆಯ ಮೇಲಿಟ್ಟು ಓಡಿಸಿದ. ಹೊರಗೆ ಆಟೋ ಹಾರ್ನು, ಗೂಡ್ಸ್ ಗಾಡಿಯ ರಿವರ್ಸ್ ಸಂಗೀತ, ಪಕ್ಕದಂಗಡಿಯಲ್ಲಿ ಡ್ರಿಲ್ಲಿಂಗು. ಆ ಗದ್ದಲದಲ್ಲಿ ಮೂರೂ ಮೂಕ. "ಫುಲ್ ಸೈಲೆಂಟ್ ಸಾರ್. ಹಾಕಿದ್ದೀರೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಎಂದ.

ಡಬ್ಬ ಓದಿದೆ. ಅಳತೆ, ವ್ಯಾಟು, ನಿಮಿಷಕ್ಕೆ ಎಷ್ಟು ಸುತ್ತು, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ, ಎಲ್ಲ ಇತ್ತು. ಸದ್ದಿನ ಡೆಸಿಬಲ್ ಮಾತ್ರ ನಾನು ನೋಡಿದ ಒಂದರ ಮೇಲೂ ಇರಲಿಲ್ಲ. ಗಾಳಿಯ ಲೆಕ್ಕವೇನೋ ಸುಲಭ. ನಮ್ಮ ಬಾತ್‌ರೂಮು ಎಂಟಡಿಗೆ ಐದಡಿ, ಎತ್ತರ ಒಂಬತ್ತಡಿ, ಅಂದರೆ ಸುಮಾರು 10 ಘನ ಮೀಟರ್. ಗಂಟೆಗೆ ಹತ್ತು ಸಲ ಗಾಳಿ ಬದಲಾಗಲಿ ಎಂದರೆ 100 ಘನ ಮೀಟರ್ ಸಾಕು. ಅಲ್ಲಿದ್ದ 6 ಇಂಚಿನ ಫ್ಯಾನೂ 200 ದಾಟುತ್ತೇನೆ ಎನ್ನುತ್ತಿತ್ತು. ಆದರೆ ಡಬ್ಬದ ಮೇಲಿನ ಅಂಕಿ ಅಡ್ಡಿಯಿಲ್ಲದೆ ಓಡುವ ಫ್ಯಾನಿನದು. ಜಾಲರಿ, ಪಟ್ಟಿ, ಪೈಪು ಸೇರಿದರೆ ಅದು ಇಳಿಯುತ್ತದೆ.

ಸದ್ದಿನ ಗುಟ್ಟು ಇರುವುದು ಸುತ್ತಿನಲ್ಲಿ. ಚಿಕ್ಕ ಫ್ಯಾನು ಚಿಕ್ಕ ಸದ್ದು ಮಾಡುತ್ತದೆ ಎಂದುಕೊಂಡಿದ್ದೆ. ಉಲ್ಟಾ. ಒಂದೇ ವೇಗದಲ್ಲಿ ತಿರುಗಿದರೆ 8 ಇಂಚಿನ ಫ್ಯಾನು 6 ಇಂಚಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಗಾಳಿ ತಳ್ಳುತ್ತದೆ. ಹಾಗಾಗಿ ಅದು ನಿಧಾನಕ್ಕೆ ತಿರುಗಿದರೂ ನಡೆಯುತ್ತದೆ. ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬಲ್ ಕಡಿಮೆಯಾಗುತ್ತದೆ. ಕಿವಿಗೆ 10 ಡೆಸಿಬಲ್ ಇಳಿದರೇ ಸದ್ದು ಅರ್ಧವಾದ ಹಾಗೆ. ನಾನು 8 ಇಂಚಿನದು, ಕಡಿಮೆ ಸುತ್ತಿನದು, ಬಾಲ್ ಬೇರಿಂಗ್ ಇರುವುದನ್ನು ಆರಿಸಿದೆ. ಬೇರಿಂಗಿನ ಗುಂಡುಗಳ ಬದಲು ಬರೀ ಲೋಹದ ಬಳೆ, ಅಂದರೆ ಬುಷ್, ಹಾಕಿದ್ದು ಹೊಸದರಲ್ಲಿ ಮೆತ್ತಗಿರುತ್ತದೆ, ಸವೆದ ಮೇಲೆ ನಮ್ಮ ಹಳೇ ಗಿರಣಿಯ ದಾರಿ ಹಿಡಿಯುತ್ತದೆ.

ಎಲೆಕ್ಟ್ರಿಷಿಯನ್ ಬಂದು ವೆಂಟಿಲೇಟರಿನ ಮೇಲಿನ ಗಾಜುಗಳನ್ನಷ್ಟೇ ತೆಗೆದು ಅಲ್ಯುಮಿನಿಯಂ ಶೀಟು ಕೂರಿಸಿ ಅದಕ್ಕೆ ಫ್ಯಾನು ಬಿಗಿದ. ಸ್ವಿಚ್ ಹಾಕಿದರೆ ಅಯ್ಯೋ, ತಮಟೆ! ಫ್ಯಾನು ಸುಮ್ಮನಿತ್ತು, ಶೀಟು ಬಡಿದುಕೊಳ್ಳುತ್ತಿತ್ತು. ಅವನು ತಲೆ ಕೆರೆದುಕೊಂಡು, "ಹಳೇ ಸೈಕಲ್ ಟ್ಯೂಬ್ ಇದ್ಯಾ ಸಾರ್?" ಎಂದ. ಇತ್ತು. ಮಗನ ಸೈಕಲ್ಲಿನದು, ಮೂರು ಪಂಕ್ಚರ್ ಕಂಡದ್ದು. ಅದನ್ನು ಕತ್ತರಿಸಿ ಫ್ಯಾನಿಗೂ ಶೀಟಿಗೂ ನಡುವೆ, ಪ್ರತಿ ಸ್ಕ್ರೂವಿನ ಅಡಿಗೂ ಒಂದೊಂದು ತುಂಡು ಇಟ್ಟ. ತಮಟೆ ನಿಂತಿತು. ಇಡೀ ಖರೀದಿಯಲ್ಲಿ ಅತ್ಯಂತ ಬೆಲೆ ಬಾಳಿದ ವಸ್ತು ಅದೇ ಅಂತ ನನ್ನ ಅಭಿಪ್ರಾಯ.

ಮರುದಿನ ಸ್ನಾನ ಮಾಡಿದೆ. ಕನ್ನಡಿ ಮಾತ್ರ ಮೊದಲಿನ ಹಾಗೇ ಮಬ್ಬು.

ಊರಿಂದ ಭಾವ ಫೋನಿನಲ್ಲಿ, "ಕೆಳಗಿನ ಎರಡು ಗಾಜು ತೆರೆದಿಡು ಮಾರಾಯ, ಗಾಳಿ ಬರ್ಲಿ" ಎಂದರು. ತೆರೆದಿಟ್ಟೆ. ಪ್ರಯೋಜನವಾಗಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ದೇವರ ಗೂಡಿನಿಂದ ಒಂದು ಊದಿನಕಡ್ಡಿ ಹಚ್ಚಿಕೊಂಡು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿದೆ. ಸ್ಟೂಲು ಹತ್ತಿ ಕಡ್ಡಿ ಹಿಡಿದರೆ ಹೊಗೆಯೇ ಎಲ್ಲ ಹೇಳಿತು. ಗಾಜಿನ ಸಂದಿಯಿಂದ ಬಂದ ಗಾಳಿ ಒಂದಡಿ ಮೇಲೆ ಹೋಗಿ ಅಲ್ಲೇ ಫ್ಯಾನಿನಿಂದ ಹೊರಗೆ. ಕೋಣೆಯ ಗಾಳಿಗೆ ಅದರ ಸಂಬಂಧವೇ ಇಲ್ಲ. ಗಾಜು ಮುಚ್ಚಿದೆ. ಈಗ ಹೊಗೆ ಅಲ್ಲಲ್ಲೇ ಸುತ್ತುತ್ತಾ ನಿಂತಿತು.

ಅಷ್ಟರಲ್ಲಿ ವಾಸನೆ ಹಿಡಿದು ಬಂದ ಅಮ್ಮ ಬಾಗಿಲು ನೂಕಿದಳು. "ಎಂತ ಮಾಡ್ತಿದ್ದೀಯ ನೀನು? ದೇವರ ಊದಿನಕಡ್ಡಿ ಬಚ್ಚಲಿಗಾ?"

ಬಾಗಿಲು ತೆರೆದದ್ದೇ ತಡ, ಕಡ್ಡಿಯ ಹೊಗೆ ಸೊಂಟ ಬಗ್ಗಿಸಿ ಫ್ಯಾನಿನೊಳಗೆ ನುಗ್ಗಿತು. ನಾನು ಸ್ಟೂಲಿನ ಮೇಲಿಂದಲೇ, "ಅಮ್ಮಾ, ಮುಚ್ಚು! ಇನ್ನೊಂದ್ಸಲ ತೆಗಿ!" ಎಂದೆ. ಅಮ್ಮ ನನ್ನನ್ನು ನೋಡಿದ ನೋಟದ ಬಗ್ಗೆ ಬರೆಯುವುದಿಲ್ಲ.

ವಿಷಯ ಇಷ್ಟೇ. ಗಾಳಿ ಒಳಗೆ ಬಾರದೆ ಹೊರಗೆ ಹೋಗುವುದಾದರೂ ಹೇಗೆ? ವರ್ಷಗಟ್ಟಲೆ ಪಸೆ ಕುಡಿದು ನಮ್ಮ ಬಾಗಿಲು ಉಬ್ಬಿ ಹೊಸ್ತಿಲಿಗೆ ಕಚ್ಚಿಕೊಂಡಿತ್ತು. ಪಸೆಯಿಂದ ಬಾಗಿಲು ಉಬ್ಬಿತು, ಬಾಗಿಲು ಉಬ್ಬಿದ್ದರಿಂದ ಪಸೆ ಹೋಗಲಿಲ್ಲ. ಅಜ್ಜ ಗೋಣಿಚೀಲ ಕಿತ್ತು ಬಿಸಾಡಿದ್ದು ಯಾಕೆ ಅಂತ ನಲವತ್ತು ವರ್ಷದ ಮೇಲೆ ಗೊತ್ತಾಯಿತು. ಬಡಗಿಯನ್ನು ಕರೆಸಿ ಬಾಗಿಲ ಕೆಳಗೆ ಮುಕ್ಕಾಲು ಇಂಚು ಕೊಯ್ಸಿದೆ.

(ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೇ ಇಟ್ಟುಕೊಂಡವರು ಮಾತ್ರ ಫ್ಯಾನು ನಂಬಿ ಕೂರಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಫ್ಯಾನು ಎಳೆಯುವಾಗ ಆಚೆ ಹೋಗಬೇಕಾದ ಸುಟ್ಟ ಗಾಳಿ ವಾಪಸ್ ಒಳಗೇ ಬರಬಹುದು. ಗೀಸರ್ ಮನೆಯ ಹೊರಗಿರಲಿ.)

ಇನ್ನೊಂದು ತಪ್ಪು ನಮ್ಮದೇ. ಹಳೇ ಫ್ಯಾನಿನ ಸದ್ದು ತಡೆಯಲಾಗದೆ ಬಾತ್‌ರೂಮಿಂದ ಹೊರಗೆ ಬರುತ್ತಲೇ ಆರಿಸಿಬಿಡುತ್ತಿದ್ದೆವು. ಹಬೆ ಒಳಗೇ ಉಳಿದು ಚಾವಣಿಗೆ ಅಂಟುತ್ತಿತ್ತು. ಸ್ನಾನ ಮುಗಿದ ಮೇಲೂ ಕಾಲು ಗಂಟೆ, ಇಪ್ಪತ್ತು ನಿಮಿಷ ಓಡಬೇಕು. ಸದ್ದಿಲ್ಲದ ಫ್ಯಾನು ಶೋಕಿಗಲ್ಲ, ಸದ್ದಿದ್ದರೆ ಅದನ್ನು ಯಾರೂ ಓಡಲು ಬಿಡುವುದಿಲ್ಲ. ಹೊಸದರಲ್ಲಿ ನನ್ನ ಹೆಂಡತಿ "ಕರೆಂಟು ದಂಡ" ಎಂದು ಆರಿಸುತ್ತಿದ್ದಳು. 30 ವ್ಯಾಟು, ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ ಅರ್ಧ ಯೂನಿಟ್ಟೂ ಆಗಲ್ಲ ಎಂದು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಬಿಟ್ಟಳು.

ಈಗ ಕನ್ನಡಿ ಬೇಗ ತಿಳಿಯಾಗುತ್ತದೆ. ಮಳೆಗಾಲ ಕಳೆದರೂ ಮೂಲೆಯ ಚುಕ್ಕಿಗಳು ಹಾಜರಾಗಿಲ್ಲ. ಅಂಗಡಿಯ ಹುಡುಗ ಹೇಳಿದ್ದು ನಿಜ, ಹಾಕಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಅಮ್ಮನಿಗಂತೂ ಆಗುವುದೇ ಇಲ್ಲ. ಮೊದಲ ವಾರ ಒಂದು ದಿನ ಕಾವಲಿ ಕಾದು ಹೊಗೆ ಬಂತು. ಮತ್ತೊಂದು ದಿನ ನಾನು ಬರುವಷ್ಟರಲ್ಲಿ ದೋಸೆ ತಣ್ಣಗಾಗಿ ಮುದುಡಿತ್ತು. ಆಮೇಲೆ ಅವಳು ಬಾಗಿಲು ಬಡಿಯಲು ಶುರು ಮಾಡಿದಳು. "ಒಳಗಿದ್ದೀಯನಾ? ಕಾವಲಿ ಇಡ್ಲಾ ಬೇಡ್ವಾ?"

ಪ್ಲಾಸ್ಟಿಕ್ ಮಗ್ಗು ತೆಗೆದು ಸ್ಟೀಲಿನ ಚೊಂಬು ಇಟ್ಟುಕೊಂಡಿದ್ದೇನೆ. ಮೈ ಒರೆಸಿಕೊಳ್ಳುವ ಮುಂಚೆ ಅದನ್ನು ನಲ್ಲಿಗೆ ಎರಡು ಸಲ ಟಣ್ ಟಣ್ ಎಂದು ಬಡಿಯುತ್ತೇನೆ. ಅಡುಗೆಮನೆಯಿಂದ ಚುಂಯ್ ಕೇಳಿಸುತ್ತದೆ.